ಹಿತ್ತಿಲಿನ ಕೆಂಡಹಣೆ

"ಏನೇ, ಮಿಷನ್ ನಿಲ್ಸು. ಕಾಲು ತೆಗಿ ಅದರ ಮೇಲಿಂದ."

ಟೈಲರಮ್ಮ ಪೆಡಲಿನಿಂದ ಕಾಲು ತೆಗೆದಳು. ಬಟ್ಟೆಯೊಳಗೆ ಇಳಿದಿದ್ದ ಸೂಜಿ ಅಲ್ಲೇ ನಿಂತಿತು. ಮೇಷ್ಟ್ರಾದ ಗಂಡ ಕಿಟಕಿಯ ಪಕ್ಕದ ಗೋಡೆಗೆ ಬೆನ್ನು ಒತ್ತಿಕೊಂಡು, ಕಳ್ಳನನ್ನು ಹಿಡಿಯಲು ಹೊಂಚು ಹಾಕಿದವರ ಹಾಗೆ ನಿಂತಿದ್ದರು. ಕೊರಳಲ್ಲಿ ದುರ್ಬೀನು. ಒಂದು ಕೆನ್ನೆಯ ಕ್ಷೌರ ಮುಗಿದಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ ಒಣಗುತ್ತಿತ್ತು.

"ಬಳ್ಳಿ ನೋಡು. ಎಡಗಡೆ ಕೊನೆ. ತಲೆ ಆಡಿಸ್ಬೇಡ, ಕಣ್ಣಷ್ಟೇ ಆಡಿಸು."

ಹಿತ್ತಿಲು ಎಂದರೆ ಅದೇನು ದೊಡ್ಡದಲ್ಲ. ಬಟ್ಟೆ ಒಣಹಾಕುವ ಹಗ್ಗ, ಒಗೆಯುವ ಕಲ್ಲು, ಆಚೆಗೆ ಪಕ್ಕದ ಮನೆಯವರ ಗೋಡೆ. ಗೋಡೆಯುದ್ದಕ್ಕೂ ಎಳೆದ ತಂತಿಯ ಮೇಲೆ ಒಂದು ಬಳ್ಳಿ ಹಬ್ಬಿ, ಕಿತ್ತಳೆ ಬಣ್ಣದ ಕೊಳವೆ ಹೂಗಳನ್ನು ಹೊತ್ತು ಜೋತುಬಿದ್ದಿತ್ತು. ಎಲೆಗಳ ನಡುವಿನಿಂದ ಹೆಬ್ಬೆರಳಿನಷ್ಟೇ ಇರುವ ಹಸಿರು ಹಕ್ಕಿಯೊಂದು ಹೊರಗೆ ಬಂದು, ಹೂವಿಗೆ ಕೊಕ್ಕು ಹಾಕಿ, ಮತ್ತೆ ಒಳಗೆ ಹೋಯಿತು. ಅದರ ಹಣೆಯ ಮೇಲೆ ಬೆಂಕಿಯ ಬೊಟ್ಟಿನಂಥ ಬಣ್ಣವಿತ್ತು.

"ಕೆಂಡಹಣೆ," ಅಂದರು ಮೇಷ್ಟ್ರು. ಅವರ ಕಣ್ಣು ಬಳ್ಳಿಯಿಂದ ಕದಲಲಿಲ್ಲ. "ಈ ಜನ್ಮದಲ್ಲಿ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ ಕಣೆ."

ಎಲೆಗಳ ಒಳಗಿನಿಂದ ಹಕ್ಕಿ ಕೂಗಲು ಶುರುಮಾಡಿತು. ದಾರದ ಉಂಡೆ ಕೈಜಾರಿ ಉರುಳಿ ಬಿಚ್ಚಿಕೊಂಡ ಹಾಗೆ ಸಣ್ಣ, ಚೂಪಾದ, ನಿಲ್ಲದ ಸದ್ದು.

"ಇನ್ನು ಒಂದೇ ಬಾಕಿ," ಮೇಷ್ಟ್ರು ಪಿಸುಗುಟ್ಟಿದರು. "ಅದು ಹಾಡಬೇಕು. ಒಂದು ಸಲ ಬಾಯಿ ಬಿಟ್ಟರೆ ಮುಗೀತು. ಎಷ್ಟು ಹೊತ್ತಾದ್ರೂ ಕಾಯೋಣ."

ಅವಳಿಗೆ ಮೊದಲು ನಗು ಬಂತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು. "ಅಷ್ಟು ಸದ್ದು ಮಾಡ್ತಿದೆಯಲ್ರೀ," ಅಂದಳು.

"ಸದ್ದಾ? ಯಾವ ಸದ್ದು? ಅದು ಪಕ್ಕದ ಮನೆ ನೀರಿನ ಪಂಪು. ನಿನ್ನ ಕಿವಿಗೆ ಪಂಪೂ ಒಂದೇ, ಪಕ್ಷೀನೂ ಒಂದೇ."

ಪಂಪು ನಿಜವಾಗಿಯೂ ಓಡುತ್ತಿತ್ತು, ದಪ್ಪ ದನಿಯಲ್ಲಿ ಗುರುಗುಟ್ಟುತ್ತ. ಅದರ ಮೇಲೆ ಹಕ್ಕಿ ಕೂಗುತ್ತಲೇ ಇತ್ತು. ಮೇಷ್ಟ್ರು ಬೆರಳನ್ನು ತುಟಿಗೆ ಒತ್ತಿ, ಆ ಸದ್ದಿನ ನಟ್ಟನಡುವೆ ನಿಂತು, ಮೌನಕ್ಕೆ ಕಿವಿಗೊಟ್ಟಿದ್ದರು.

ಅವಳ ನಗು ಎಲ್ಲಿಗೆ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಬೀದಿಯಲ್ಲಿ, ಸ್ಕೂಲಿನಲ್ಲಿ, ಹಕ್ಕಿ ನೋಡುವವರ ಗುಂಪಿನಲ್ಲಿ, ಎಲ್ಲೆಲ್ಲೂ ಅವರು ಕಿವಿ ಮೇಷ್ಟ್ರು. ಕಪ್ಪುಹಲಗೆಯ ಮೇಲೆ ಬರೆಯುತ್ತ, ಬೆನ್ನು ತಿರುಗಿಸದೆಯೇ, ಕೊನೆಯ ಬೆಂಚಿನಲ್ಲಿ ಯಾರು ಚಾಕಲೇಟಿನ ಕಾಗದ ಬಿಚ್ಚುತ್ತಿದ್ದಾರೆಂದು ಹೇಳುತ್ತಿದ್ದರಂತೆ. ಗುಂಪಿನವರ ಜೊತೆ ನಡೆಯುವಾಗ ತಲೆ ಎತ್ತುತ್ತಿರಲಿಲ್ಲ. ಉಳಿದವರು ಕುತ್ತಿಗೆ ನೋಯುವಷ್ಟು ಮೇಲೆ ನೋಡುತ್ತಿದ್ದರೆ ಇವರು ಚಪ್ಪಲಿ ನೋಡಿಕೊಂಡು ಹೆಸರು ಹೇಳುತ್ತ ಹೋಗುತ್ತಿದ್ದರು. "ಹಕ್ಕಿ ಇನ್ನೂ ಮೊಟ್ಟೆಯೊಳಗೇ ಇರ್ಲಿ, ನಮ್ಮ ಮೇಷ್ಟ್ರು ಹೆಸರಿಟ್ಟು ತೊಟ್ಟಿಲಿಗೆ ಹಾಕಿಬಿಡ್ತಾರೆ" ಎಂದು ಔಷಧಿ ಅಂಗಡಿಯವರು ಹಾಸ್ಯ ಮಾಡುತ್ತಿದ್ದರು. ಔಷಧಿ ಅಂಗಡಿಯವರೆಂದರೆ ಮೇಷ್ಟ್ರ ಹಳೆಯ ಗೆಳೆಯರು. ಅವಳನ್ನು ಅತ್ತಿಗೆ ಎಂದು ಕರೆಯುವಷ್ಟು ಸಲುಗೆ.

ಆ ಸಲುಗೆಗೆ ಒಮ್ಮೆ ಬಿರುಕು ಬಿದ್ದಿತ್ತು. ಕೆಲವು ವರ್ಷಗಳ ಹಿಂದೆ ಔಷಧಿ ಅಂಗಡಿಯವರು ಕೆರೆಯಂಚಿನ ಪೊದೆಯಲ್ಲಿ ಕೆಂಡಹಣೆಯನ್ನು ಕಂಡೆನೆಂದು ಗುಂಪಿನ ಮುಂದೆ ಉಸಿರು ಬಿಡದೆ ಹೇಳಿದ್ದರು. ಆ ಸೀಮೆಯಲ್ಲಿ ಅದನ್ನು ಕಂಡವರು ಯಾರೂ ಇರಲಿಲ್ಲ. ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು. "ಹಾಡಿತಾ?" ಇಲ್ಲ ಅಂದರು. "ಹಾಗಾದ್ರೆ ನೀನು ಬಣ್ಣ ಕಂಡಿದ್ದೀಯ, ಹಕ್ಕಿ ಕಂಡಿಲ್ಲ. ಬಣ್ಣ ಮೋಸ ಮಾಡುತ್ತಪ್ಪ, ಗಂಟಲು ಮಾಡಲ್ಲ." ಎಲ್ಲರೂ ನಕ್ಕರು, ಔಷಧಿ ಅಂಗಡಿಯವರೂ ನಕ್ಕರು. ಆಮೇಲೆ ಬಹಳ ದಿನ ಅವರು ಮೇಷ್ಟ್ರ ಬಿಪಿ ಮಾತ್ರೆಯನ್ನು ಮಾತಿಲ್ಲದೆ ಪೊಟ್ಟಣ ಕಟ್ಟಿ ಕೊಡುತ್ತಿದ್ದರು.

ಈಗ ಕತ್ತರಿ ಹಿಡಿದು ಕೂತಾಗೆಲ್ಲ ಟೈಲರಮ್ಮನಿಗೆ ಒಂದೊಂದೇ ನೆನಪಿಗೆ ಬರತೊಡಗಿತು. ಮಾತ್ರೆಯ ಹೊತ್ತಿಗೆಂದು ಮೇಷ್ಟ್ರ ಕೈಗಡಿಯಾರ ಪೀಪೀ ಅನ್ನುತ್ತಲೇ ಇರುತ್ತಿತ್ತು, ಅವರು ಪೇಪರು ಓದುತ್ತಲೇ ಇರುತ್ತಿದ್ದರು. ಆಲಸಿ ಮನುಷ್ಯ ಎಂದು ಬೈದುಕೊಂಡು ಅವಳೇ ಹೋಗಿ ಗುಂಡಿ ಒತ್ತುತ್ತಿದ್ದಳು. ಮಾತು ಕೇಳುತ್ತಿತ್ತು, ಬಾಗಿಲು ತಟ್ಟಿದ್ದು ಕೇಳುತ್ತಿತ್ತು, ಕಾಗೆ ಕೇಳುತ್ತಿತ್ತು. ಸಣ್ಣ ಸದ್ದುಗಳಷ್ಟೇ ಒಂದೊಂದಾಗಿ ಹೇಳದೆ ಕೇಳದೆ ಎದ್ದು ಹೋಗಿದ್ದವು. "ಊರಲ್ಲಿ ಸಣ್ಣ ಹಕ್ಕಿಗಳೇ ಉಳಿದಿಲ್ಲ. ಔಷಧಿ ಹೊಡೆದು ಹೊಡೆದು ಎಲ್ಲ ನಿರ್ನಾಮ ಮಾಡಿದ್ರು" ಎಂದು ಮೇಷ್ಟ್ರು ಈಚೆಗೆ ಪ್ರತಿ ಬೆಳಿಗ್ಗೆ ಹೇಳುತ್ತಿದ್ದರು. ಹೇಳುವಾಗ ಅವರ ಮುಖದಲ್ಲಿ ಸೂತಕದ ಮನೆಯಿಂದ ಬಂದವರ ಕಳೆ ಇರುತ್ತಿತ್ತು. ಅವಳ ಕಿವಿಗೆ ಹಿತ್ತಿಲಿನ ತುಂಬ ಚಿಲಿಪಿಲಿ ಬೀಳುತ್ತಿದ್ದರೂ, ಇದೇನೋ ತಿಳಿದವರ ಲೆಕ್ಕಾಚಾರ ಇರಬೇಕು, ನನಗೇನು ಗೊತ್ತು ಎಂದು ಸುಮ್ಮನಿದ್ದಳು.

ಸತ್ತಿರದವರಿಗಾಗಿ ಅವರು ಇಷ್ಟು ದಿನ ಅತ್ತಿದ್ದರು.

ಹಕ್ಕಿ ದಿನವೂ ಬಂತು. ಮೇಷ್ಟ್ರು ಮಿಷನ್ನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಹಕ್ಕಿ ಬಳ್ಳಿಯ ಒಳಗೆ ಅಡಗಿ ಕೂಗುವುದು, ಬಾಯಿ ಮುಚ್ಚಿ ಹೊರಗೆ ಬಂದು ಹೂವಿಗೆ ತಲೆ ತೂರಿಸುವುದು, ಮತ್ತೆ ಒಳಗೆ ಹೋಗಿ ಕೂಗುವುದು. ಮೇಷ್ಟ್ರಿಗೆ ಕಾಣುತ್ತಿದ್ದುದು ಬಾಯಿ ಮುಚ್ಚಿದ ಹಕ್ಕಿಯೊಂದೇ.

ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಅವಳು ಆಸ್ಪತ್ರೆಯ ನರ್ಸಮ್ಮನ ಬಿಳಿ ಕೋಟಿಗೆ ಗುಂಡಿಯ ಕಾಜಾ ಹಾಕುತ್ತಿದ್ದಳು. ಒಗೆಯುವ ಕಲ್ಲಿನ ಗುಳಿಯಲ್ಲಿ ನೀರು ನಿಂತಿತ್ತು. ಹಕ್ಕಿ ಅಲ್ಲಿಗೆ ಇಳಿದು ರೆಕ್ಕೆ ಬಡಿದು, ತಲೆ ಮುಳುಗಿಸಿ ಸ್ನಾನ ಮಾಡಿತು. ಮೈ ಕೊಡವಿ ಎದ್ದಾಗ ಹಣೆಯ ಮೇಲೆ ಏನೂ ಇರಲಿಲ್ಲ. ಬರೀ ಹಸಿರು. ಸ್ವಲ್ಪ ಹೊತ್ತು ಬಿಸಿಲು ಕಾಯಿಸಿಕೊಂಡು ಹೂವಿಗೆ ಹೋಗಿ ಬಂದಿತು. ಕೆಂಡ ಮತ್ತೆ ಹೊತ್ತಿಕೊಂಡಿತ್ತು.

ಆ ಹೂವಿನ ಪುಡಿಯ ಜೊತೆ ಅವಳದು ವರ್ಷಗಳ ಜಗಳ. ಗಾಳಿಗೆ ಹಾರಿ ಬಂದು ಗಿರಾಕಿಗಳ ಬಟ್ಟೆಯ ಮೇಲೆ ಕೂತರೆ ಸೋಪಿಗೂ ಜಗ್ಗದು, ನಿಂಬೆರಸಕ್ಕೂ ಜಗ್ಗದು. ಬಳ್ಳಿ ಕಡಿಸಿ ಅಂದಾಗಲೆಲ್ಲ ಮೇಷ್ಟ್ರು, "ಕಡಿದು ಏನು ಮಾಡ್ತೀಯ, ಹಗ್ಗ ಆಚೆ ಕಟ್ಕೋ" ಅನ್ನುತ್ತಿದ್ದರು.

ಅಂದು ಊಟಕ್ಕೆ ಕೂತಾಗ ಅವಳು ನೆಲ ನೋಡಿಕೊಂಡು ಕೇಳಿದಳು. "ಅಲ್ರೀ, ಅದರ ಹಣೆ ಮೇಲಿರೋದು ಹೂವಿನ ಪುಡಿ ಆಗಿರಬಹುದಾ?"

ಮೇಷ್ಟ್ರಿಗೆ ಕೋಪ ಬರಲಿಲ್ಲ. ಒಳ್ಳೆಯ ಪ್ರಶ್ನೆ ಕೇಳಿದ ಹುಡುಗನನ್ನು ನೋಡುವಂತೆ ನೋಡಿದರು. "ಪರ್ವಾಗಿಲ್ವೇ, ನನ್ನ ಜೊತೆ ಇದ್ದು ಇದ್ದು ನಿನಗೂ ಬುದ್ಧಿ ಬಂತು. ಮೊದಲ ದಿನವೇ ನನಗೂ ಆ ಅನುಮಾನ ಬಂತು. ಎಲ್ಲಾ ಕಡೆ ಸಿಗೋ ಹಸಿರು ಉಲಿಯಕ್ಕಿಗೆ ಪುಡಿ ಮೆತ್ತಿದ್ರೆ ಥೇಟ್ ಹೀಗೇ ಕಾಣುತ್ತೆ. ಎಂಥೆಂಥವರೋ ಅಲ್ಲಿ ಎಡವಿದ್ದಾರೆ. ಆದ್ರೆ ಹಸಿರು ಉಲಿಯಕ್ಕಿ ಬಾಯಿ ಮುಚ್ಕೊಂಡು ಕೂರೋ ಜಾತಿಯಾ? ತಲೆ ಚಿಟ್ಟು ಹಿಡಿಸುತ್ತೆ. ಇದು ಇಷ್ಟು ದಿನದಲ್ಲಿ ಒಂದು ಚೀ ಅಂದಿಲ್ಲ. ಮೌನಿ. ಅಲ್ಲೇ ಇರೋದು ಗುಟ್ಟು."

ಅವಳು ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದಳು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಕ್ಕಿ ಯಾವುದೆಂದು ಹೇಳಬೇಕಾದರೆ ಮೊದಲು ಕಿವಿಯ ವಿಷಯ ಹೇಳಬೇಕಿತ್ತು. ಕಿವಿ ಮೇಷ್ಟ್ರಿಗೆ, ನಿಮಗೆ ಕಿವಿ ಇಲ್ಲ ಎಂದು ಹೇಳಬೇಕಿತ್ತು. ಬಾಯಿ ತೆರೆದಳು. "ಅನ್ನ ಹಾಕ್ಲಾ?" ಎಂದಳು.

"ಹಾಕು. ನಾಡಿದ್ದು ಬೆಳಿಗ್ಗೆ ಅವನನ್ನ ಕರೆದಿದ್ದೀನಿ."

"ಯಾರನ್ನ?"

"ಇನ್ಯಾರನ್ನ, ಮಾತ್ರೆ ಮಾರೋನನ್ನ. ನಮ್ಮ ಗುಂಪಿನ ಬ್ಯಾಂಕ್ ಕ್ಯಾಶಿಯರಮ್ಮನೂ ಕ್ಯಾಮೆರಾ ತರ್ತಾಳೆ. ಇಬ್ಬರು ಬಂದು ನೋಡದೆ ಗುಂಪು ಒಪ್ಪಲ್ಲ, ಗೊತ್ತಲ್ಲ, ನಾನೇ ಮಾಡಿದ ನಿಯಮ." ಅವರು ತುತ್ತು ಎತ್ತಿದ ಕೈಯನ್ನು ಹಾಗೇ ತಡೆದರು. "ಅಲ್ಲ ಕಣೆ, ಅವನು ಅವತ್ತು ಕಂಡಿದ್ದೂ ಇದೇ ಇರಬಹುದು. ನಾನು ಎಲ್ಲರ ಮುಂದೆ ಅವನ ಮಾತನ್ನ ತಳ್ಳಿಹಾಕಿಬಿಟ್ಟೆ. ಈ ಹಕ್ಕಿ ನಮ್ಮ ಹಿತ್ತಿಲಲ್ಲಿ ಹಾಡಲಿ, ಅವನ ಕಿವಿಗೇ ಮೊದಲು ಬೀಳಲಿ. ತಪ್ಪಾಯ್ತು ಮಾರಾಯ ಅಂತ ಹೇಳೋಕೆ ನನಗೂ ಒಂದು ದಾರಿ ಆಗುತ್ತೆ."

ಇಷ್ಟು ಕೇಳಿ ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಗೆಳೆಯ ಬರುತ್ತಾನೆ, ಮಿಷನ್ನಿನ ಪಕ್ಕದಲ್ಲಿ ನಿಲ್ಲುತ್ತಾನೆ, ಬಳ್ಳಿಯೊಳಗಿನಿಂದ ಬೀದಿಯ ಮಕ್ಕಳಿಗೂ ಗೊತ್ತಿರುವ ಸದ್ದು ಬರುತ್ತದೆ, ಇವರು ತುಟಿಗೆ ಬೆರಳಿಟ್ಟು ಇನ್ನೂ ಕಾಯೋಣ ಅನ್ನುತ್ತಾರೆ. ಅದನ್ನು ಅವಳು ಕಣ್ಣಾರೆ ಕಂಡಂತೆ ಕಂಡಳು.

ಮರುದಿನ ಮೇಷ್ಟ್ರು ದುರ್ಬೀನಿನ ಗಾಜು ಒರೆಸಿಸಿಕೊಂಡು ಬರಲು ಕನ್ನಡಕದ ಅಂಗಡಿಗೆ ಹೋದರು. ಅವರು ಬೀದಿ ತಿರುಗಿದ್ದೇ ತಡ, ಅವಳು ಪಕ್ಕದ ಮನೆಯಿಂದ ಕುಡುಗೋಲು ಇಸಿದುಕೊಂಡು ಬಂದಳು. ಬಳ್ಳಿಯ ಬುಡ ಮಣಿಕಟ್ಟಿನಷ್ಟು ದಪ್ಪವಿತ್ತು. ಬಟ್ಟೆ ಕತ್ತರಿಸಿ ರೂಢಿಯಾದ ಕೈಗೆ ಅದು ಸುಲಭಕ್ಕೆ ಬಗ್ಗಲಿಲ್ಲ. ಬುಡ ಬಿಟ್ಟ ಮೇಲೆ ತಂತಿಗೆ ಸುತ್ತಿಕೊಂಡಿದ್ದ ಕುಡಿಗಳನ್ನು ಒಂದೊಂದಾಗಿ ಬಿಡಿಸಿದಳು, ಕೆಟ್ಟ ಹೊಲಿಗೆ ಬಿಚ್ಚುವ ಹಾಗೆ. ಎಲ್ಲವನ್ನೂ ಗೋಣಿಯಲ್ಲಿ ತುಂಬಿ ಬೀದಿಯ ಕಸದ ತೊಟ್ಟಿಗೆ ಹಾಕಿ ಬಂದಳು. ಹೂವಿಲ್ಲದ ಮೇಲೆ ಹಕ್ಕಿಗೆ ಇಲ್ಲೇನು ಕೆಲಸ? ಬಂದವರು ಕಾದು, ಚಹಾ ಕುಡಿದು, ಅದೃಷ್ಟ ಇಲ್ಲ ಅಂದುಕೊಂಡು ಹೋಗುತ್ತಾರೆ. ಮೇಷ್ಟ್ರು ಕಂಡದ್ದು ಮೇಷ್ಟ್ರ ಹತ್ತಿರವೇ ಉಳಿಯುತ್ತದೆ.

ಮೇಷ್ಟ್ರು ಬಂದು ಹಿತ್ತಿಲ ಬಾಗಿಲಲ್ಲಿ ನಿಂತರು. ಗೋಡೆ ಬೋಳಾಗಿ, ಹಳೆಯ ಸುಣ್ಣದ ಕಲೆಗಳೆಲ್ಲ ಹೊರಬಿದ್ದಿದ್ದವು.

"ಏನಿದು?"

"ನರ್ಸಮ್ಮನ ಬಿಳಿ ಕೋಟು ಪೂರ್ತಿ ಹಾಳಾಯ್ತು. ಎಷ್ಟು ಸಲ ಹೇಳಿದ್ದೆ ನಿಮಗೆ. ಇವತ್ತು ತಡೆಯೋಕಾಗ್ಲಿಲ್ಲ." ಕೋಟನ್ನು ತೋರಿಸಿದಳು. ಕಾಲರಿನ ಮೇಲೆ ಕಿತ್ತಳೆಯ ಕಲೆ. ಅದನ್ನು ಅವಳೇ ಹೂ ಉಜ್ಜಿ ಮಾಡಿದ್ದಳು.

ಅವರು ಕೋಟನ್ನು ನೋಡಲಿಲ್ಲ. "ಒಂದು ದಿನ," ಅಂದರು. "ಇನ್ನೊಂದೇ ಒಂದು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ ನಿನಗೆ? ನನ್ನ ಮೇಲೆ ಅಷ್ಟೊಂದು ಹಗೆ ಇಟ್ಕೊಂಡಿದ್ದೀಯ ಅಂತ ಗೊತ್ತಿರ್ಲಿಲ್ಲ."

"ಹಗೆ ಯಾಕ್ರೀ..."

"ಮಾತಾಡ್ಬೇಡ."

ಅವಳು ಕೋಟನ್ನು ಮಡಿಸಿ ಒಳಗಿಟ್ಟಳು. ಆ ಸಂಜೆ ಮನೆಯಲ್ಲಿ ಪಾತ್ರೆಗಳಷ್ಟೇ ಸದ್ದು ಮಾಡಿದವು. ಬೈಸಿಕೊಂಡಿದ್ದಕ್ಕೆ ಅವಳಿಗೆ ನೋವಿತ್ತು, ಆದರೆ ಭಾರ ಇಳಿದಂತೆಯೂ ಇತ್ತು. ಕೆಟ್ಟವಳಾಗಿ ಉಳಿಯುವುದು ಅಷ್ಟೇನೂ ಕಷ್ಟವಲ್ಲ, ನಾಲ್ಕು ದಿನ ಮುಖ ಊದಿಸಿಕೊಂಡು ಆಮೇಲೆ ಇವರೇ ಸರಿಹೋಗುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ಬೆಳಿಗ್ಗೆ ಔಷಧಿ ಅಂಗಡಿಯವರು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು. "ಅತ್ತಿಗೆ, ಎಲ್ಲಿ ನಿಮ್ಮ ಅತಿಥಿ? ಸ್ನಾನಗೀನ ಆಯ್ತಾ ಅದಕ್ಕೆ? ಕ್ಯಾಶಿಯರಮ್ಮ ಫೋಟೋ ಹಿಡಿಯೋಕೆ ಫಿರಂಗಿ ತಂದಿದ್ದಾರೆ ನೋಡಿ."

ಹಿಂದೆ ಬಂದ ಕ್ಯಾಶಿಯರಮ್ಮ ನಕ್ಕಳು. ಅವಳ ಕೊರಳಲ್ಲಿ ತೂಗುತ್ತಿದ್ದ ಕ್ಯಾಮೆರಾ ನಿಜವಾಗಿಯೂ ಮೊಣಕೈಯಷ್ಟು ಉದ್ದವಿತ್ತು. "ಸರ್ ಕರೆದ್ರೆ ಬ್ಯಾಂಕಿಗೇ ರಜೆ ಹಾಕಿ ಬರ್ತೀನಿ ನಾನು," ಅಂದಳು.

"ನಗಿ, ನಗಿ," ಮೇಷ್ಟ್ರು ಒಣದನಿಯಲ್ಲಿ ಹೇಳಿದರು. "ಈ ಪುಣ್ಯಾತ್ಗಿತ್ತಿ ನಿನ್ನೆ ಬಳ್ಳಿಯನ್ನೇ ಕಡಿದು ಹಾಕಿದ್ದಾಳೆ. ಬಂದ್ರೆ ನಿಮ್ಮ ಪುಣ್ಯ."

ಮೂವರೂ ಹೊಲಿಗೆ ಕೋಣೆಯ ಕಿಟಕಿಗೆ ಬಂದು ನಿಂತರು. ಟೈಲರಮ್ಮ ಹಿಂದೆ, ಇಸ್ತ್ರಿ ಮೇಜಿಗೆ ಒರಗಿ ನಿಂತಳು. ಬಿಸಿಲು ಗೋಡೆಯ ಮೇಲಿಂದ ಇಳಿಯುತ್ತ ಬಂತು. ತಂತಿ ಬರಿದಾಗಿತ್ತು. ಬರಬೇಡ, ಬರಬೇಡ ಎಂದು ಅವಳು ಒಳಗೊಳಗೇ ಹೇಳುತ್ತಿದ್ದಳು.

ಬಂತು. ಬೇರೆ ಯಾರ ಹಿತ್ತಿಲಿನ ಹೂವನ್ನು ಹುಡುಕಿ ಬಂದಿತ್ತೋ, ಹಣೆಯ ಮೇಲೆ ಕೆಂಡ ಹಾಗೇ ಇತ್ತು. ಇಷ್ಟು ದಿನ ಅಡಗಲು ಎಲೆಗಳಿದ್ದ ಜಾಗದಲ್ಲಿ ಈಗ ಏನೂ ಇರಲಿಲ್ಲ. ಬೋಳು ತಂತಿಯ ನಡುಮಧ್ಯೆ, ಎಲ್ಲರ ಎದುರಿಗೆ ಕೂತು, ಅದು ಬಾಯಿ ತೆರೆದು ಕೂಗಿತು.

"ಓ," ಕ್ಯಾಶಿಯರಮ್ಮ ಕ್ಯಾಮೆರಾ ಇಳಿಸಿದಳು. "ಸರ್, ಇದು..."

ಔಷಧಿ ಅಂಗಡಿಯವರು ಅವಳ ಮೊಣಕೈ ಹಿಡಿದರು. ಮೇಷ್ಟ್ರು ಬೆರಳನ್ನು ತುಟಿಗೆ ಇಟ್ಟು, "ಶ್‌! ಮಾತಾಡ್ಬೇಡಿ. ಹಾಡಬಹುದು" ಎಂದಿದ್ದರು.

ಹಕ್ಕಿ ಕೂಗುತ್ತಲೇ ಇತ್ತು. ಕೋಣೆ ಆ ಸದ್ದಿನಿಂದ ತುಂಬಿಹೋಗಿತ್ತು. ಔಷಧಿ ಅಂಗಡಿಯವರು ಮೆಲ್ಲನೆ ತಿರುಗಿ ಟೈಲರಮ್ಮನ ಕಡೆ ನೋಡಿದರು. ಬೋಳು ಗೋಡೆಯನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಅವಳು ಕಣ್ಣು ತಪ್ಪಿಸಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಎಲ್ಲರ ಮುಂದೆ ನಗೆಪಾಟಲಾದ ಒಬ್ಬ ಮನುಷ್ಯನಿಗೆ ಅದನ್ನು ತೀರಿಸಿಕೊಳ್ಳಲು ಇದಕ್ಕಿಂತ ಹದವಾದ ಗಳಿಗೆ ಇನ್ನೆಂದೂ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವರು ಗಂಟಲು ಸರಿಮಾಡಿಕೊಂಡರು. "ಇವತ್ತು ಅದಕ್ಕೆ ಮನಸ್ಸಿಲ್ಲ ಅಂತ ಕಾಣುತ್ತೆ ಮೇಷ್ಟ್ರೇ. ಬಾಯೇ ಬಿಡ್ತಿಲ್ಲ."

ಒಳ್ಳೆಯ ಮಾತು. ಆದರೆ ಆಡಬಾರದ ಗಳಿಗೆಯಲ್ಲಿ ಆಡಿದ ಮಾತು. ಆಗಷ್ಟೇ ಮೇಷ್ಟ್ರು, ಗಾಜು ಒರೆಸಿಸಿಕೊಂಡು ಬಂದಿದ್ದ ದುರ್ಬೀನನ್ನು ಕಣ್ಣಿಗೆ ಹಿಡಿದಿದ್ದರು.

ಬಹಳ ಹೊತ್ತು ಅವರು ಅದನ್ನು ಇಳಿಸಲಿಲ್ಲ. ಅಗಲವಾಗಿ ತೆರೆದ ಕೊಕ್ಕು, ಒಳಗಿನ ಹಳದಿ, ನಡುಗುವ ಗಂಟಲಿನ ಪುಕ್ಕ, ಒಂದೊಂದು ಕೂಗಿಗೂ ಅದುರುವ ಬಾಲ, ಎಲ್ಲವೂ ಅಂಗೈ ಮೇಲಿಟ್ಟ ಹಾಗೆ ಕಂಡಿರಬೇಕು. ಅವರ ಬೆನ್ನನ್ನು ನೋಡುತ್ತಿದ್ದ ಟೈಲರಮ್ಮನಿಗೆ, ಅಂಗಿಯ ಭುಜದ ಹೊಲಿಗೆ ಮೆಲ್ಲಮೆಲ್ಲನೆ ಕೆಳಗಿಳಿಯುವುದು ಕಾಣಿಸಿತು. ಅದು ಅವಳೇ ಹೊಲಿದ ಅಂಗಿ. ಅಳತೆ ಸರಿಯಾಗಿತ್ತು, ಒಳಗಿನ ಮನುಷ್ಯ ಸಣ್ಣಗಾಗುತ್ತಿದ್ದ.

"ಹಸಿರು ಉಲಿಯಕ್ಕಿ," ಎಂದರು ಕೊನೆಗೆ. ಪಾಠ ಹೇಳುವ ದನಿ, ಒಂದಕ್ಷರವೂ ತೊದಲಲಿಲ್ಲ. "ಗಂಡು. ಹಣೆಗೆ ಪರಾಗ ಮೆತ್ತಿದೆ. ಸಾಮಾನ್ಯವಾಗಿ ಎಡವೋ ಜಾಗ ಇದು. ಕ್ಯಾಶಿಯರಮ್ಮ, ಒಂದು ಫೋಟೋ ತೆಗೀರಿ, ಹೊಸದಾಗಿ ಸೇರಿದವರಿಗೆ ತೋರಿಸೋಕೆ ಬರುತ್ತೆ."

"ಸರ್, ಪರ್ವಾಗಿಲ್ಲ ಸರ್..."

"ತೆಗೀರಿ."

ಕ್ಯಾಮೆರಾ ಕಟಕಟ ಅಂದಿತು. ಹಕ್ಕಿ ಹಾರಿಹೋಯಿತು. ಯಾರೂ ಚಹಾಕ್ಕೆ ನಿಲ್ಲಲಿಲ್ಲ. ಬಾಗಿಲಲ್ಲಿ ಔಷಧಿ ಅಂಗಡಿಯವರು ಮೇಷ್ಟ್ರ ಕೈಯನ್ನು ತಮ್ಮೆರಡು ಕೈಗಳಲ್ಲಿ ಹಿಡಿದುಕೊಂಡರು. ಮೇಷ್ಟ್ರು ತಪ್ಪಾಯ್ತು ಎಂದು ಹೇಳಲು ಬಾಯಿ ತೆರೆದರೋ ಏನೋ, ಹೇಳಲಿಲ್ಲ. ಹೇಳುವ ದಾರಿ ಇನ್ನು ಉಳಿದಿರಲಿಲ್ಲ.

ಮಧ್ಯಾಹ್ನದವರೆಗೆ ಅವರು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು. ಅವಳು ಚಹಾ ತಂದು ಪಕ್ಕದಲ್ಲಿ ಇಟ್ಟಳು.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಅದು ಬಂದ ದಿನದಿಂದ."

"ಬಳ್ಳಿ ಕಡಿದಿದ್ದು ಅದಕ್ಕೇನಾ?"

ಅವಳು ಸೆರಗಿನ ಅಂಚು ಹಿಡಿದು ಬೋಳು ಗೋಡೆಯನ್ನು ನೋಡಿದಳು.

"ಕೋಟಿನ ಕಲೆಗೋಸ್ಕರ ಕಡಿದಿದ್ರೇ ಚೆನ್ನಾಗಿತ್ತು," ಅಂದರು ಮೇಷ್ಟ್ರು. "ಸಿಟ್ಟಾದ್ರೂ ಮಾಡ್ಕೊಂಡಿರಬಹುದಾಗಿತ್ತು."

ಕಿವಿ ಡಾಕ್ಟರ ಹತ್ತಿರ ಹೋಗೋಣ, ಈಗ ಏನೇನೋ ಮೆಷೀನು ಬಂದಿದೆಯಂತೆ ಎಂದು ಅವಳು ಹೇಳಿದಳು. ಆಮೇಲೂ ಹಲವು ಸಲ ಹೇಳಿದಳು. ಅವರು ಹೂಂ ಅನ್ನುತ್ತಿದ್ದರು, ಹೊರಡುತ್ತಿರಲಿಲ್ಲ. ಗುಂಪಿಗೆ ಹೋಗುವುದು ನಿಂತಿತು. ಮಾತ್ರೆಯನ್ನು ಅವಳೇ ತರತೊಡಗಿದಳು. ಊರಲ್ಲಿ ಹಕ್ಕಿಗಳಿಲ್ಲ ಎಂಬ ಮಾತನ್ನು ಅವರು ಮತ್ತೆಂದೂ ಆಡಲಿಲ್ಲ.

ಆದರೆ ಕುರ್ಚಿಯನ್ನು ಅಲ್ಲಿಂದ ತೆಗೆಯಲಿಲ್ಲ. ಬೆಳಿಗ್ಗೆ ಅವಳು ಮಿಷನ್ನಿಗೆ ಕೂತರೆ ಅವರೂ ಬಂದು ಕೂರುತ್ತಿದ್ದರು. ಕಿಟಕಿಯ ಕಡೆಗಲ್ಲ, ಅವಳ ಕಡೆಗೆ ಮುಖ ಮಾಡಿ. ಅದು ಯಾಕೆಂದು ಅವಳಿಗೆ ತಿಳಿಯಲು ಕೆಲವು ದಿನ ಹಿಡಿಯಿತು. ಒಮ್ಮೆ ಹಗ್ಗದ ಮೇಲೆ ಯಾವುದೋ ಹಕ್ಕಿ ಉಲಿದಾಗ ಅವಳ ಕಣ್ಣು ತಾನಾಗಿ ಆ ಕಡೆ ಹೊರಳಿತು. ಅಷ್ಟಕ್ಕೇ ಅವರು, "ಏನು? ಏನದು? ಸಣ್ಣದಾ?" ಎಂದು ಕುರ್ಚಿಯ ಅಂಚಿಗೆ ಜರುಗಿ ಅವಳ ಮುಖವನ್ನು ಹುಡುಕಾಡಿದರು. ಅವಳು ಹೇಳಲು ನೋಡಿದಳು. ಚೀ ಚೀ ಅನ್ನುತ್ತೆ, ಕೊನೇಲಿ ಸ್ವಲ್ಪ ಎಳೆಯುತ್ತೆ ಅಂದಳು. ಎಲ್ಲವೂ ಚೀ ಚೀಯೇ. ಅವರು ಕಣ್ಣು ಮುಚ್ಚಿ, ಆ ಎರಡಕ್ಷರದಿಂದ ಒಂದು ಹಕ್ಕಿಯನ್ನು ಕಟ್ಟಲು ಹೊರಟು, ಕಟ್ಟಲಾಗದೆ ಕಣ್ಣು ತೆರೆದರು. ಆ ಹೊತ್ತಿನ ಅವರ ಮುಖವನ್ನು ಅವಳು ಮತ್ತೊಮ್ಮೆ ನೋಡಲಾರಳು.

ಅಂದಿನಿಂದ ಅವಳು ತಲೆ ತಗ್ಗಿಸಿ ಹೊಲಿಯುವುದನ್ನು ಕಲಿತಳು. ಹಿತ್ತಿಲಲ್ಲಿ ಎಷ್ಟೇ ಕೂಗಲಿ, ಹುಬ್ಬು ಅಲುಗದು, ಕಣ್ಣು ಹೊರಳದು, ಕೈ ತಡೆಯದು. ಅವರು ಅವಳ ಮುಖವನ್ನೇ ನೋಡುತ್ತ ಕೂತಿರುತ್ತಾರೆ. ಅಲ್ಲಿ ಏನೂ ಕಾಣದೆ, ಇವತ್ತು ಯಾವುದೂ ಬಂದಿಲ್ಲ ಎಂದುಕೊಂಡು, ಸ್ವಲ್ಪ ಹೊತ್ತಿನ ಮೇಲೆ ಪೇಪರು ಬಿಡಿಸುತ್ತಾರೆ.